ಬೆಲ್ಲ, ಸಕ್ಕರೆ ಮತ್ತು ಬದಲಿ ಸಿಹಿಗಳು: ಮಧುರರಸದ ಚರಿತ್ರೆ

ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ ವರ್ಷಾನುಗಟ್ಟಲೆ ಓಡಾಡಿದ ಹಿರಿಯರಿಗೆ ವಿಲೆ ಪಾರ್ಲೆ ನಿಲ್ದಾಣ ಬಂದಿತೆಂದು ತಿಳಿಯಲು ಫಲಕವನ್ನು ನೋಡುವ ಅವಶ್ಯಕತೆ ಇರಲಿಲ್ಲ. ಹಳಿಯ ಪೂರ್ವಕ್ಕಿದ್ದ ಪಾರ್ಲೆ ಕಾರ್ಖಾನೆಯಿಂದ ಬೀಸಿ ಬರುತ್ತಿದ್ದ ಬಿಸ್ಕತ್ತಿನ ಪರಿಮಳವೇ ಅದನ್ನು ಸಾರುತ್ತಿತ್ತು. 1929ರಲ್ಲಿ ಮೋಹನ್‌ಲಾಲ್ ದಯಾಳ್ ಚೌಹಾಣ್ ಅವರ ಕುಟುಂಬ ಸ್ಥಾಪಿಸಿದ ಈ ಕಾರ್ಖಾನೆ ಮೊದಲು ತಯಾರಿಸಿದ್ದು ಬಿಸ್ಕತ್ತನ್ನಲ್ಲ, ಸಕ್ಕರೆಯ ಮಿಠಾಯಿಯನ್ನು. ಸುಮಾರು ಹತ್ತು ವರ್ಷಗಳ ಅನಂತರ ‘ಪಾರ್ಲೆ ಗ್ಲೂಕೋ’ ಬಿಸ್ಕತ್ತು ಹೊರಬಂದಿತು. ಅದೇ ಮುಂದೆ ‘ಪಾರ್ಲೆ-ಜಿ’ ಎಂದು ಹೆಸರಾಯಿತು. 2016ರಲ್ಲಿ ಈ ಮೂಲ ಕಾರ್ಖಾನೆಯ ಉತ್ಪಾದನೆ ನಿಂತುಹೋಗಿ, ಅದರೊಂದಿಗೆ ಆ ಪರಿಮಳವೂ ನಿಂತಿತು. ಮಡಿಯ ಮನೆಗಳ ಹಿರಿಯರು ಆ ಬಿಸ್ಕತ್ತನ್ನು ಬಾಯಿಗೆ ಹಾಕಿದವರಲ್ಲ. ಆದರೆ ಅದರ ಸುವಾಸನೆಯನ್ನು ಮಾತ್ರ ಅವರೂ ದಶಕಗಳ ಕಾಲ ಅನುಭವಿಸಿದರು. ಬಿಸಿಯಲ್ಲಿ ಗೋಧಿಯೊಡನೆ ಸಕ್ಕರೆ ಕೆಂಪಗಾಗುವಾಗ ಹುಟ್ಟುವ ವಾಸನೆ ಅದು. ಅಪ್ಪ ಕರಿಯುವಾಗ ಬಾಣಲೆಯಿಂದ ಏಳುವ ವಾಸನೆಗೂ ಅದಕ್ಕೂ ಹತ್ತಿರದ ನಂಟಿದೆ.

ಇದೇ ಉಪನಗರದ ಮಾಧ್ವ ಮನೆಗಳ ಅಡುಗೆಕೋಣೆಯಲ್ಲಿ ಬೆಲ್ಲದ ಡಬ್ಬಿ, ಸಕ್ಕರೆಯ ಡಬ್ಬಿ ಎಂದು ಎರಡು ಡಬ್ಬಿಗಳು ಸದಾ ಜೊತೆಯಾಗಿದ್ದವು. ಈಚಿನ ದಶಕಗಳಲ್ಲಿ ಅವುಗಳ ಪಕ್ಕಕ್ಕೆ ಮೂರನೆಯದೊಂದು ಬಂದು ಕುಳಿತಿದೆ. ಬೆರಳಗಲದ ಡಬ್ಬಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಗುಳಿಗೆಗಳು. ಒಂದು ಗುಳಿಗೆ ಒಂದು ಚಮಚ ಸಕ್ಕರೆಗೆ ಸಮವೆಂಬ ಭರವಸೆ. ಸಂತರ್ಪಣೆಯ ಪಂಕ್ತಿಯಲ್ಲಿ ಹಯಗ್ರೀವ ಬಡಿಸುವವರು ಬಂದಾಗ ಎಲೆಗೆ ಅಡ್ಡವಾಗುವ ಕೈಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಹೀಗಾಗಿ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆಗಳು ಎರಡು. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ದೋಷವಿಲ್ಲವೆ? ಬೆಲ್ಲವೂ ಬೇಡವೆಂದಾದರೆ ಆ ಗುಳಿಗೆಯನ್ನೋ ಪುಡಿಯನ್ನೋ ಹಾಕಿ ಅದೇ ಭಕ್ಷ್ಯವನ್ನು ಮಾಡಲಾಗದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಇಂದು ನಾವು ಅಸಲು ಎಂದು ತಿಳಿದಿರುವ ಬಿಳಿಯ ಸಕ್ಕರೆಯೇ ಒಂದು ಕಾಲದಲ್ಲಿ ಬೆಲ್ಲದ ಜಾಗಕ್ಕೆ ಬಂದ ಬದಲಿ ವಸ್ತುವಾಗಿತ್ತು. ಅದನ್ನು ನಮ್ಮ ಪಾಕಶಾಲೆಗಳು ಒಂದೇ ದಿನದಲ್ಲಿ ಒಪ್ಪಿಕೊಳ್ಳಲಿಲ್ಲ.

ಕಬ್ಬಿನ ರಸದಿಂದ ಸಿಹಿಯನ್ನು ಗಟ್ಟಿಗೊಳಿಸುವ ವಿದ್ಯೆ ಭಾರತದ್ದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೋಷ್ಠಾಗಾರದ ಸಾಮಗ್ರಿಗಳನ್ನು ಹೇಳುವಾಗ ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ ಎಂಬ ಐದು ಬಗೆಗಳು ಬರುತ್ತವೆ. ಫಾಣಿತವೆಂದರೆ ಅರೆಗಟ್ಟಿ ಕಾಕಂಬಿ. ಮಲೆನಾಡಿನ ಜೋನಿಬೆಲ್ಲ ಅದರ ಹತ್ತಿರದ ಬಂಧು. ಗುಡವೇ ನಮ್ಮ ಬೆಲ್ಲ. ಉಳಿದ ಮೂರು ಕ್ರಮಕ್ರಮವಾಗಿ ಶುದ್ಧಗೊಂಡ ಹರಳುಗಳು. ಶರ್ಕರಾ ಎಂಬ ಪದದ ಮೂಲಾರ್ಥ ಮರಳು, ಸಣ್ಣ ಕಲ್ಲುಹರಳು ಎಂದು. ಪ್ರಾಕೃತದಲ್ಲಿ ಅದು ಸಕ್ಕರವಾಯಿತು, ಕನ್ನಡದಲ್ಲಿ ಸಕ್ಕರೆಯಾಯಿತು, ಪಾರಸಿ ಮತ್ತು ಅರಬ್ಬಿಗಳ ಮೂಲಕ ಯುರೋಪಿನ ಭಾಷೆಗಳಿಗೆಲ್ಲ ಹರಡಿತು. ಹಿಂದಿಯವರು ಬಿಳಿ ಸಕ್ಕರೆಗೆ ಚೀನಾದ ಹೆಸರಿನಿಂದ ‘ಚೀನಿ’ ಎನ್ನುತ್ತಾರೆ, ಕಲ್ಲುಸಕ್ಕರೆಗೆ ಈಜಿಪ್ಟಿನ ಹೆಸರಿನಿಂದ ‘ಮಿಶ್ರಿ’ ಎನ್ನುತ್ತಾರೆ. ಈ ನೆಲದಲ್ಲಿ ಹುಟ್ಟಿದ ಪದಾರ್ಥ ಪರದೇಶಗಳನ್ನು ಸುತ್ತಿ, ಅಲ್ಲಿನ ಹೆಸರು ಹೊತ್ತು ತವರಿಗೆ ಮರಳಿದ ಉದಾಹರಣೆ ಇದು.

ಪ್ರಾಚೀನರು ಒಂದೊಂದು ಸಿಹಿಗೂ ಒಂದೊಂದು ಸ್ಥಾನವನ್ನು ಕೊಟ್ಟಿದ್ದರೆಂಬುದು ಗಮನಾರ್ಹ. ಜೇನುತುಪ್ಪವನ್ನು ಬಿಸಿ ಮಾಡಬಾರದೆಂದು ಆಯುರ್ವೇದ ಹೇಳುತ್ತದೆ. ಆದುದರಿಂದ ಅದು ಒಲೆಯೇರದ ಪಂಚಾಮೃತದಲ್ಲಿ ಇದೆಯೇ ಹೊರತು ಬೇಯಿಸಿದ ಭಕ್ಷ್ಯಗಳಲ್ಲಿ ಇಲ್ಲ. ಅದೇ ಪಂಚಾಮೃತದಲ್ಲಿ ಸಕ್ಕರೆಯೂ ಇದೆ. ಅಂದರೆ ಒಂದಿದ್ದರೆ ಇನ್ನೊಂದು ಬೇಡ ಎಂಬ ಲೆಕ್ಕ ಅಲ್ಲಿಲ್ಲ. ಒಲೆಯ ಮೇಲಿನ ಕೆಲಸ ಬೆಲ್ಲದ್ದು. ಕನ್ನಡದಲ್ಲಿ 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆಯುವ ಹೊತ್ತಿಗೆ ಪಿಷ್ಟದ ಭಕ್ಷ್ಯಗಳೂ ಪಾನಕಗಳೂ ಶಾಸ್ತ್ರದ ವಿಷಯವಾಗುವಷ್ಟು ಬೆಳೆದಿದ್ದವು. ಅದೇ ಶತಮಾನದ ಶ್ರೀ ಪುರಂದರದಾಸರು ಭಗವನ್ನಾಮವನ್ನು ಕಲ್ಲುಸಕ್ಕರೆಗೆ ಹೋಲಿಸಿ ಹಾಡಿದ ಪದ ಎಲ್ಲರಿಗೂ ಬಾಯಿಪಾಠವಾಗಿದೆ. ಭಕ್ತಿಯ ದೃಷ್ಟಿಯನ್ನು ಬದಿಗಿಟ್ಟು ಚರಿತ್ರೆಯ ದೃಷ್ಟಿಯಿಂದ ನೋಡಿದರೂ ಆ ಪದ ಒಂದು ದಾಖಲೆಯೇ ಸರಿ. ಎತ್ತಿನ ಮೇಲೆ ಹೇರುವುದು, ಗೋಣಿಯಲ್ಲಿ ತುಂಬುವುದು, ಬಾಡಿಗೆ, ಸುಂಕ, ಇವೆಲ್ಲ ಅದರಲ್ಲಿ ಬರುತ್ತವೆ. ಆ ಕಾಲಕ್ಕೆ ಕಲ್ಲುಸಕ್ಕರೆ ದೂರದೂರಿಗೆ ಸಾಗುತ್ತಿದ್ದ, ಸುಂಕ ತೆರಬೇಕಾದ ಬೆಲೆಯುಳ್ಳ ಸರಕಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಬೆಲೆ ಹೆಚ್ಚಾಗಿರಲು ಕಾರಣ ಅದನ್ನು ತಯಾರಿಸುವ ಕಷ್ಟ. ಕಾಯಿಸಿ ಗಟ್ಟಿಯಾದ ರಸವನ್ನು ಬುಟ್ಟಿಯಲ್ಲಿ ತುಂಬಿ, ಮೇಲೆ ನೀರಿನ ಪಾಚಿಯನ್ನು ಹರಡುತ್ತಿದ್ದರು. ಪಾಚಿಯ ತೇವ ಮೆಲ್ಲಮೆಲ್ಲನೆ ಕೆಳಗಿಳಿಯುತ್ತ ಹರಳುಗಳಿಗೆ ಅಂಟಿದ ಕಾಕಂಬಿಯನ್ನು ತೊಳೆದು ಬುಡಕ್ಕೆ ಇಳಿಸುತ್ತಿತ್ತು. ಮೇಲಿನ ಪದರ ಬಿಳುಪಾದೊಡನೆ ಕೆರೆದು ತೆಗೆದು ಮತ್ತೆ ಹೊಸ ಪಾಚಿ. ಖಂಡಸಾರಿ ಸಕ್ಕರೆಯೆಂದರೆ ಇದು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆಯನ್ನು ಮೆಚ್ಚಿ ಬರೆದಿದ್ದಾನೆ. ಇಷ್ಟು ಶ್ರಮದ ವಸ್ತು ಬಡವನ ಮನೆಯ ನಿತ್ಯದ ಅಡುಗೆಗೆ ಬರುವ ಮಾತಿರಲಿಲ್ಲ. ಅದು ಅಭಿಷೇಕಕ್ಕೆ, ಔಷಧಕ್ಕೆ, ಹಬ್ಬಕ್ಕೆ ಸಲ್ಲುತ್ತಿತ್ತು. ತುಳುನಾಡಿನ ಮನೆಗಳಲ್ಲಿ ಬಿಸಿಲಲ್ಲಿ ಬಂದ ಅತಿಥಿಗೆ ಮೊದಲು ಕೊಡುತ್ತಿದ್ದುದು ಇಂದಿಗೂ ಬೆಲ್ಲ ಮತ್ತು ನೀರು.

19ನೆಯ ಶತಮಾನದಲ್ಲಿ ಕಥೆ ತಲೆಕೆಳಗಾಯಿತು. ಮಾರಿಷಸ್ ಮತ್ತು ಜಾವಾ ದ್ವೀಪಗಳ ಕಬ್ಬಿನ ಸಕ್ಕರೆ, ಜರ್ಮನಿ ಮತ್ತು ಆಸ್ಟ್ರಿಯಾಗಳ ಬೀಟ್ ಸಕ್ಕರೆ ಮುಂಬಯಿ ಬಂದರಿಗೆ ಹಡಗುಗಟ್ಟಲೆ ಬಂದಿಳಿಯತೊಡಗಿದವು. ಯುರೋಪಿನ ಸರಕಾರಗಳು ರಫ್ತಿಗೆ ಸಹಾಯಧನ ಕೊಡುತ್ತಿದ್ದುದರಿಂದ ಅದು ಇಲ್ಲಿನ ಖಂಡಸಾರಿಗಿಂತ ಅಗ್ಗವಾಗಿಯೂ ಹೆಚ್ಚು ಬಿಳುಪಾಗಿಯೂ ಇತ್ತು. ಕೊನೆಗೆ 1899ರಲ್ಲಿ ಬ್ರಿಟಿಷ್ ಸರಕಾರವೇ ಅಂಥ ಸಕ್ಕರೆಯ ಮೇಲೆ ಪ್ರತಿಸುಂಕ ವಿಧಿಸಬೇಕಾಯಿತು. ಆದರೆ ಆಚಾರವಂತ ಮನೆಗಳ ಅಳುಕು ಬೆಲೆಯ ಬಗ್ಗೆ ಆಗಿರಲಿಲ್ಲ. ಇಷ್ಟೊಂದು ಬಿಳುಪು ಎಲ್ಲಿಂದ ಬಂತು? ಯುರೋಪಿನ ಶುದ್ಧೀಕರಣ ಕಾರ್ಖಾನೆಗಳಲ್ಲಿ ಸಕ್ಕರೆಯ ಬಣ್ಣ ತೆಗೆಯಲು ಪ್ರಾಣಿಗಳ ಮೂಳೆಯ ಇದ್ದಿಲನ್ನು ಬಳಸುತ್ತಿದ್ದುದು ನಿಜ. ಅದಕ್ಕೂ ಹಿಂದೆ ರಸವನ್ನು ತಿಳಿಗೊಳಿಸಲು ಎತ್ತಿನ ರಕ್ತವನ್ನು ಬಳಸಿದ್ದೂ ನಿಜ. ಬಂದರಿಗೆ ಬಂದ ಪ್ರತಿಯೊಂದು ಮೂಟೆಯೂ ಹಾಗೆ ತಯಾರಾದದ್ದಲ್ಲ. ಆದರೆ ಯಾವ ಮೂಟೆ ಹೇಗೆ ತಯಾರಾಯಿತೆಂದು ಅಂಗಡಿಯಲ್ಲಿ ಕೊಳ್ಳುವವನು ತಿಳಿಯುವ ದಾರಿ ಇರಲಿಲ್ಲವಾದ್ದರಿಂದ, ಅನೇಕ ಮನೆಗಳು ವಿದೇಶೀ ಸಕ್ಕರೆಯನ್ನು ಸಾರಾಸಗಟಾಗಿ ದೂರವಿಟ್ಟವು. ದೇವರ ಅಡುಗೆಗೆ ಬೆಲ್ಲ, ಅಭಿಷೇಕಕ್ಕೆ ದೇಶೀ ಕಲ್ಲುಸಕ್ಕರೆ ಎಂಬ ನಿಯಮ ಈ ಅಳುಕಿನಿಂದ ಗಟ್ಟಿಯಾಯಿತು. 1905ರಲ್ಲಿ ಸ್ವದೇಶಿ ಚಳವಳಿ ಭುಗಿಲೆದ್ದು, ಲೋಕಮಾನ್ಯ ತಿಲಕರ ನೇತೃತ್ವದಲ್ಲಿ ಮಹಾರಾಷ್ಟ್ರಕ್ಕೆ ಹರಡಿದಾಗ, ಬಹಿಷ್ಕಾರದ ಪಟ್ಟಿಯಲ್ಲಿ ಬಟ್ಟೆಯೊಂದಿಗೆ ಸಕ್ಕರೆಯೂ ಸೇರಿತ್ತು. ರಾಜಕಾರಣದ ಗಂಧವಿಲ್ಲದ ಮಡಿಯ ಅಜ್ಜಿಯರು ಆ ಒಂದು ವಿಷಯದಲ್ಲಿ ಚಳವಳಿಗಿಂತ ಮುಂದೆಯೇ ಇದ್ದರೆನ್ನಬೇಕು.

ಈ ಸಂಶಯ ಕರಗಿದ್ದು ವಾದದಿಂದಲ್ಲ, ದೇಶದಲ್ಲೇ ಕಾರ್ಖಾನೆಗಳು ಎದ್ದುದರಿಂದ. 1932ರಲ್ಲಿ ಸಕ್ಕರೆ ಉದ್ಯಮಕ್ಕೆ ರಕ್ಷಣೆ ನೀಡುವ ಕಾನೂನು ಬಂದಿತು. ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ನೂರನ್ನು ದಾಟಿತು. ಮಂಡ್ಯದ ಮೈಸೂರು ಸಕ್ಕರೆ ಕಂಪೆನಿ 1933ರದು; ವಾಲ್‌ಚಂದ್ ಹೀರಾಚಂದರು ನಾಸಿಕ್ ಜಿಲ್ಲೆಯ ರಾವಳಗಾಂವದಲ್ಲಿ ಕಟ್ಟಿದ ಕಾರ್ಖಾನೆಯೂ ಅದೇ ವರ್ಷದ್ದು. ಸ್ವಾತಂತ್ರ್ಯಾನಂತರ 1950ರಲ್ಲಿ ವಿಠ್ಠಲರಾವ್ ವಿಖೆ ಪಾಟೀಲ್ ಮತ್ತು ಧನಂಜಯರಾವ್ ಗಾಡ್ಗೀಳರು ಪ್ರವರಾನಗರದ ಸಹಕಾರಿ ಕಾರ್ಖಾನೆಗೆ ಬುನಾದಿ ಹಾಕಿದ ಮೇಲೆ ಮುಂಬಯಿಗೆ ಬರುವ ಸಕ್ಕರೆ ಬಹುಮಟ್ಟಿಗೆ ಮಹಾರಾಷ್ಟ್ರದ ಹೊಲದ್ದೇ ಆಯಿತು. ಈ ಕಾರ್ಖಾನೆಗಳು ಸುಣ್ಣ ಮತ್ತು ಗಂಧಕದ ಹೊಗೆಯಿಂದ ರಸವನ್ನು ತಿಳಿಗೊಳಿಸುವ ಕ್ರಮವನ್ನು ಅನುಸರಿಸಿದವು. ಮೂಳೆಯ ಇದ್ದಿಲಿನ ಪ್ರಶ್ನೆಯೇ ಅಲ್ಲಿ ಇರಲಿಲ್ಲ. ಹೀಗೆ ಬಿಳಿಯ ಸಕ್ಕರೆ ಸದ್ದಿಲ್ಲದೆ ದೇವರ ಅಡುಗೆಯ ಒಳಕ್ಕೆ ಬಂದಿತು. ಉಡುಪಿಯ ಸಮೀಪದ ಬ್ರಹ್ಮಾವರದಲ್ಲಿಯೂ ಮುಂದೆ ಒಂದು ಸಹಕಾರಿ ಸಕ್ಕರೆ ಕಾರ್ಖಾನೆ ತಲೆಯೆತ್ತಿ, ಕಬ್ಬಿನ ಕೊರತೆಯಿಂದ ಸೊರಗಿ ಮುಚ್ಚಿಹೋಯಿತು. ನಡುವೆ 1943ರಲ್ಲಿ ಯುದ್ಧದ ಕಾರಣ ಮುಂಬಯಿಯಲ್ಲಿ ರೇಷನ್ ಪದ್ಧತಿ ಜಾರಿಗೆ ಬಂದಿತು. ಸ್ವಾತಂತ್ರ್ಯದ ಅನಂತರವೂ ಬಹಳ ಕಾಲ ಕಾರ್ಡು ಹಿಡಿದು ಸಕ್ಕರೆಗೆ ಸಾಲು ನಿಲ್ಲುವುದು ಈ ಊರಿನ ಗೃಹಸ್ಥರಿಗೆ ತಪ್ಪಲಿಲ್ಲ. ಸಕ್ಕರೆ ಸಾಲದ ತಿಂಗಳಲ್ಲಿ ಕೊಲ್ಹಾಪುರದ ಬೆಲ್ಲದಚ್ಚು ಆಪದ್ಬಂಧುವಾಗಿ ಒದಗುತ್ತಿತ್ತು.

ಸಕ್ಕರೆಯನ್ನು ಒಪ್ಪಿಕೊಂಡರೂ ನಮ್ಮ ಪಾಕಪ್ರವೀಣರು ಬೆಲ್ಲದ ಜಾಗವನ್ನೆಲ್ಲ ಅದಕ್ಕೆ ಬಿಟ್ಟುಕೊಡಲಿಲ್ಲ. ಇದು ಕೇವಲ ಸಂಪ್ರದಾಯದ ಹಟವಾಗಿರದೆ, ಪದಾರ್ಥಗಳ ಸ್ವಭಾವದ ಪರಿಜ್ಞಾನವಾಗಿತ್ತು. ವಿಲೆ ಪಾರ್ಲೆ ಮತ್ತು ಆಸುಪಾಸಿನ ಮಾಧ್ವ ಕುಟುಂಬಗಳಲ್ಲಿ ತುಳುನಾಡಿನವರಿದ್ದಾರೆ, ಧಾರವಾಡ-ವಿಜಯಪುರದ ಕಡೆಯವರಿದ್ದಾರೆ, ಮೈಸೂರು ಸೀಮೆಯವರಿದ್ದಾರೆ. ಕರಾವಳಿಯವರ ಪಾಯಸ ತೆಂಗಿನ ಹಾಲಿನದು, ಅದಕ್ಕೆ ಬೆಲ್ಲ. ಬಯಲುಸೀಮೆಯವರ ಶ್ಯಾವಿಗೆ ಪಾಯಸ ಹಸುವಿನ ಹಾಲಿನದು, ಅದಕ್ಕೆ ಸಕ್ಕರೆ. ಯಾರದು ರುಚಿ ಹೆಚ್ಚೆಂಬ ಚರ್ಚೆ ಪಂಕ್ತಿಗಳಲ್ಲಿ ಇಂದಿಗೂ ನಡೆಯುತ್ತದೆ. ಆದರೆ ಭೇದದ ಮೂಲ ರುಚಿಯಲ್ಲಿಲ್ಲ. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಅಂಶ ಮತ್ತು ಲವಣಗಳು ಇರುವುದರಿಂದ ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ. ತೆಂಗಿನ ಹಾಲಿನಲ್ಲಿ ಹಾಗೆ ಒಡೆಯುವ ಕೇಸೀನ್ ಇಲ್ಲ. ಹಸುವಿನ ಹಾಲಿನ ಪಾಯಸಕ್ಕೆ ಬೆಲ್ಲವೇ ಬೇಕೆನ್ನುವವರು ಒಲೆಯಿಂದ ಇಳಿಸಿ, ಬಿಸಿ ತಗ್ಗಿದ ಮೇಲೆ, ಕರಗಿಸಿ ಸೋಸಿದ ಬೆಲ್ಲದ ನೀರನ್ನು ಬೆರೆಸುತ್ತಾರೆ. ಅದು ಬದಲಿ ಪದಾರ್ಥ ಬಂದಾಗ ಅಡುಗೆಯ ಕ್ರಮವೂ ಬದಲಾಗಬೇಕೆಂಬುದಕ್ಕೆ ಮನೆಮನೆಯ ನಿದರ್ಶನ.

ಹಯಗ್ರೀವದ ವಿಷಯ ಇನ್ನೂ ಸೂಕ್ಷ್ಮ. ಸೋದೆಯ ಶ್ರೀ ವಾದಿರಾಜತೀರ್ಥ ಶ್ರೀಪಾದರು ಈ ಭಕ್ಷ್ಯವನ್ನು ಹರಿವಾಣದಲ್ಲಿ ತಲೆಯ ಮೇಲಿಟ್ಟು ಅರ್ಪಿಸುತ್ತಿದ್ದರೆಂದೂ, ಶ್ರೀ ಹಯವದನದೇವರು ಕುದುರೆಯ ರೂಪದಲ್ಲಿ ಬಂದು ಸ್ವೀಕರಿಸುತ್ತಿದ್ದರೆಂದೂ ಪರಂಪರೆ ಹೇಳುತ್ತದೆ. ಕಡಲೆಬೇಳೆ, ಬೆಲ್ಲ, ತೆಂಗಿನಕಾಯಿ, ತುಪ್ಪ ಇಷ್ಟೇ ಅದರ ಮುಖ್ಯ ಸಾಮಗ್ರಿ. ಕ್ರಮ ತಪ್ಪಿದರೆ ಮಾತ್ರ ಕೆಲಸ ಕೆಡುತ್ತದೆ. ಬೇಳೆ ಪೂರ್ಣ ಬೆಂದು, ಬೆರಳಿನಲ್ಲಿ ಹಿಸುಕಿದರೆ ಮೆತ್ತಗಾಗಿಯೂ ಇಡಿಯಾಗಿಯೂ ಉಳಿದಿರುವಾಗ ಬೆಲ್ಲ ಬೀಳಬೇಕು. ಮೊದಲೇ ಬಿದ್ದರೆ ಎಷ್ಟು ಕುದಿಸಿದರೂ ಬೇಳೆ ಬೇಯುವುದಿಲ್ಲ. ಬೆಲ್ಲದ ಹುಳಿ ಮತ್ತು ಸುಣ್ಣದ ಅಂಶ ಬೇಳೆಯ ಕೋಶಗಳನ್ನು ಬಿಗಿಗೊಳಿಸಿಬಿಡುತ್ತವೆ. ಅದೇ ಗುಣ ಬೆಂದ ಬೇಳೆಗೆ ಉಪಕಾರಿಯಾಗುತ್ತದೆ. ಅರ್ಧಗಂಟೆ ಮಗುಚಿದರೂ ಬೇಳೆ ಗಂಜಿಯಾಗದೆ ಕಾಳುಕಾಳಾಗಿ ನಿಲ್ಲುವುದು ಬೆಲ್ಲದ ಹಿಡಿತದಿಂದ. ಇನ್ನು ಬಣ್ಣ, ಹೊಳಪು, ತುಪ್ಪದೊಡನೆ ಸೇರಿ ಹೊರಡುವ ಕಮ್ಮನೆಯ ವಾಸನೆ, ನಾಲಗೆಯ ಅಂಚಿನಲ್ಲಿ ಉಳಿಯುವ ಅತ್ಯಲ್ಪ ಉಪ್ಪು, ಇವೆಲ್ಲ ಬೆಲ್ಲ ಕೊಡುವ ಕೊಡುಗೆಗಳು. ಬೆಲ್ಲದ ಬದಲು ಪೂರ್ತಿ ಸಕ್ಕರೆ ಹಾಕಿ ಮಾಡಿದರೆ ಸಿಹಿಯೇನೋ ಬರುತ್ತದೆ, ಹಯಗ್ರೀವ ಬರುವುದಿಲ್ಲ.

ಸಕ್ಕರೆಗೂ ಬೆಲ್ಲ ಮಾಡಲಾಗದ ಕೆಲಸಗಳಿವೆ. ಅದರ ಸಿಹಿ ನಿರ್ಮಲ. ಬೇಗ ಬರುತ್ತದೆ, ಬೇಗ ಮರೆಯಾಗುತ್ತದೆ, ಏಲಕ್ಕಿ ಕೇಸರಿಗಳ ಪರಿಮಳವನ್ನು ಮುಚ್ಚುವುದಿಲ್ಲ. ಬೆಳ್ಳಗಿನ ಚಿರೋಟಿಗೂ ಬೆಳಗಾವಿ ಕಡೆಯ ಮಂಡಿಗೆಗೂ ಅದೇ ಆಗಬೇಕು. ಎಲ್ಲಕ್ಕಿಂತ ಮುಖ್ಯವಾದುದು ಪಾಕ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಸಕ್ಕರೆ ಕರಗಿದ ನೀರು ಆವಿಯಾಗುತ್ತ ಸಾಂದ್ರವಾದಂತೆ ಅದರ ಕುದಿಯುವ ಬಿಸಿ ಏರುತ್ತ ಹೋಗುತ್ತದೆ. ಎಳೆಪಾಕ ಬರುವಾಗ 105ರ ಆಸುಪಾಸು, ಉಂಡೆಪಾಕಕ್ಕೆ 115ರಿಂದ 120. ಉಷ್ಣಮಾಪಕವನ್ನು ಕಂಡೇ ಇರದ ಅಡುಗೆಭಟ್ಟರು ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆಯೆಳೆದು ಇದನ್ನು ನಿಖರವಾಗಿ ಹೇಳುತ್ತಾರೆ. ಪಾಕ ಮತ್ತೆ ಹರಳುಗಟ್ಟದಿರಲೆಂದು ನಾಲ್ಕು ಹನಿ ನಿಂಬೆರಸ ಹಿಂಡುತ್ತಾರೆ. ಹುಳಿಯ ಬಿಸಿಯಲ್ಲಿ ಸಕ್ಕರೆಯ ಸ್ವಲ್ಪ ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗಿ ಒಡೆಯುತ್ತದೆ. ಬಿಸ್ಕತ್ತಿನ ಕಾರ್ಖಾನೆಗಳು ಕೊಪ್ಪರಿಗೆಗಟ್ಟಲೆ ತಯಾರಿಸುವ ವಿಲೋಮ ಪಾಕವೂ ಇದೇ. ‘ಗ್ಲೂಕೋ’ ಎಂಬ ಹೆಸರಿಗೆ ಕಾರಣವಾದ ಗ್ಲೂಕೋಸ್ ಸಕ್ಕರೆಯ ಮುಕ್ಕಾಲು ಪಾಲಿನಷ್ಟೇ ಸಿಹಿ. ಮಡಿಯ ಅಡುಗೆಮನೆಯೂ ಪಾರ್ಲೆಯ ಕಾರ್ಖಾನೆಯೂ ಪರಸ್ಪರ ಅರಿಯದೆ ಒಂದೇ ಯುಕ್ತಿಯನ್ನು ಬಳಸುತ್ತಿದ್ದವು.

ಈಗ ಮೂರನೆಯ ಡಬ್ಬಿಗೆ ಬರೋಣ. ಕೃತಕ ಸಿಹಿಗಳಲ್ಲಿ ಹಿರಿಯದು ಸ್ಯಾಕರಿನ್. ಶರ್ಕರಾ ಪದದ ಮರಿಮಗಳೇ ಈ ಹೆಸರು. 1879ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕಲ್ಲಿದ್ದಲ ಡಾಂಬರಿನ ಮೇಲೆ ಪ್ರಯೋಗ ನಡೆಸುತ್ತಿದ್ದ ಕಾನ್‌ಸ್ಟಂಟೈನ್ ಫಾಲ್‌ಬರ್ಗ್ ಕೈತೊಳೆಯದೆ ಊಟಕ್ಕೆ ಕುಳಿತಾಗ ರೊಟ್ಟಿ ಸಿಹಿಯಾಗಿ ಕಂಡಿತಂತೆ. 1965ರಲ್ಲಿ ಜೇಮ್ಸ್ ಶ್ಲಾಟರ್ ಕಾಗದ ಎತ್ತಲು ಬೆರಳು ನೆಕ್ಕಿದಾಗ ಆಸ್ಪರ್ಟೇಮ್ ಸಿಕ್ಕಿತು. 1976ರಲ್ಲಿ ಲಂಡನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದ ಭಾರತೀಯ ಶಶಿಕಾಂತ ಫಡ್ನೀಸ್ ಅವರಿಗೆ ಒಂದು ಪದಾರ್ಥವನ್ನು ಪರೀಕ್ಷಿಸಲು ಹೇಳಿದ್ದು ರುಚಿ ನೋಡಲು ಹೇಳಿದಂತೆ ಕೇಳಿಸಿ, ಅವರು ನಾಲಗೆಗೆ ಹಚ್ಚಿಕೊಂಡದ್ದರಿಂದ ಸುಕ್ರಲೋಸ್ ಬೆಳಕಿಗೆ ಬಂದಿತು. ಎಂಜಲು-ಮುಸುರೆಗಳ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡುವ ಮನೆಗಳವರಿಗೆ ಈ ಪರಂಪರೆ ಸ್ವಲ್ಪ ಇರುಸುಮುರುಸು ಉಂಟುಮಾಡಿದರೆ ಆಶ್ಚರ್ಯವಿಲ್ಲ. ಸ್ಟೀವಿಯಾ ಮಾತ್ರ ಪ್ರಯೋಗಶಾಲೆಯ ಕೂಸಲ್ಲ. ದಕ್ಷಿಣ ಅಮೆರಿಕದ ಪರಾಗ್ವೆಯ ಗ್ವಾರನಿ ಜನ ಬಹುಕಾಲದಿಂದ ಬಳಸುತ್ತ ಬಂದ ಗಿಡದ ಎಲೆ ಅದು. ಅದರಿಂದ ತೆಗೆದ ಸಿಹಿಗೆ ಭಾರತದಲ್ಲಿ 2015ರಲ್ಲಿ ಅನುಮತಿ ದೊರೆಯಿತು.

ಇವುಗಳ ರುಚಿ ಒಂದೇ ತೆರನಲ್ಲ. ಸ್ಯಾಕರಿನ್ ಸಕ್ಕರೆಗಿಂತ ಸುಮಾರು 300 ಪಾಲು ಸಿಹಿ, ಆದರೆ ಕೊನೆಯಲ್ಲಿ ಕಹಿಯೂ ಲೋಹದ ವಾಸನೆಯೂ ತಲೆಹಾಕುತ್ತವೆ. ಆಸ್ಪರ್ಟೇಮ್ ಸುಮಾರು 200 ಪಾಲು. ಸಕ್ಕರೆಯ ರುಚಿಗೆ ಸಾಕಷ್ಟು ಹತ್ತಿರ, ಆದರೆ ಕುದಿಸಿದರೆ ಒಡೆದು ಸಿಹಿಯನ್ನೇ ಕಳೆದುಕೊಳ್ಳುತ್ತದೆ. ಕಾಫಿಯ ಲೋಟಕ್ಕೆ ಸಲ್ಲುವ ಗುಳಿಗೆ ಪಾಯಸದ ಕೊಪ್ಪರಿಗೆಗೆ ಸಲ್ಲದಿರುವುದು ಈ ಕಾರಣದಿಂದ. ಸುಕ್ರಲೋಸ್ ಸುಮಾರು 600 ಪಾಲು ಸಿಹಿ. ಕುದಿಯನ್ನು ತಡೆಯುತ್ತದೆ, ಆದರೆ ಅದರ ಸಿಹಿ ನಾಲಗೆ ಬಿಟ್ಟು ಹೋಗಲು ತಡಮಾಡುತ್ತದೆ. ಸ್ಟೀವಿಯಾದ ಸಿಹಿ ತಡವಾಗಿ ಬಂದು, ಜ್ಯೇಷ್ಠಮಧುವನ್ನು ನೆನಪಿಸುವ ಕಹಿಮಿಶ್ರಿತ ರುಚಿಯನ್ನು ಹಿಂದೆ ಬಿಡುತ್ತದೆ. ಕಷಾಯ ಕುಡಿದು ಬೆಳೆದ ನಾಲಗೆಗೆ ಇದು ಅಷ್ಟು ಅಪರಿಚಿತವೇನಲ್ಲ.

ರುಚಿಯ ಕೊರತೆಯನ್ನು ಏಲಕ್ಕಿ, ಪಚ್ಚಕರ್ಪೂರಗಳಿಂದ ತಕ್ಕಮಟ್ಟಿಗೆ ಮುಚ್ಚಬಹುದು. ಮುಚ್ಚಲಾಗದ್ದು ಇನ್ನೊಂದಿದೆ. ಕಾಲು ಕಿಲೋ ಸಕ್ಕರೆಯ ಸಿಹಿಗೆ ಅರ್ಧ ಗ್ರಾಮಿಗಿಂತ ಕಡಿಮೆ ಸುಕ್ರಲೋಸ್ ಸಾಕು. ಹಾಗಾದರೆ ಹಯಗ್ರೀವದ ಬಾಣಲೆಯಿಂದ ಹೊರಗುಳಿದ ಆ ಕಾಲು ಕಿಲೋ ಪದಾರ್ಥದ ಜಾಗವನ್ನು ಯಾವುದು ತುಂಬಬೇಕು? ಪಾಕವಿಲ್ಲ, ಹೊಳಪಿಲ್ಲ, ತುಪ್ಪವನ್ನು ಹಿಡಿದಿಡುವ ಅಂಟಿಲ್ಲ. ಸುಕ್ರಲೋಸ್ ಬೆರೆಸಿದ ನೀರನ್ನು ದಿನವಿಡೀ ಕುದಿಸಿದರೂ ಅದು 100 ಡಿಗ್ರಿಯ ಆಚೆ ಏರದೆ ಬತ್ತಿಹೋಗುತ್ತದೆಯೇ ಹೊರತು ಒಂದೆಳೆಯೂ ಬರುವುದಿಲ್ಲ. ಕಡಲೆಬೇಳೆ ಸಿಹಿಯಾದ ಉಸಲಿಯಾಗಿ ಉಳಿಯುತ್ತದೆ. ಸಕ್ಕರೆಯಷ್ಟೇ ಅಳತೆಯಲ್ಲಿ ಹಾಕಬಹುದೆಂದು ಮಾರುವ ಪುಡಿಗಳಲ್ಲಿ ಹೆಚ್ಚಿನ ಭಾಗ ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಪಿಷ್ಟಜನ್ಯ ಪುಡಿ ಇರುವುದುಂಟು. ಅದೂ ಹೊಟ್ಟೆಯಲ್ಲಿ ಗ್ಲೂಕೋಸೇ ಆಗುತ್ತದೆ. ಎರಿಥ್ರಿಟಾಲ್ ಎಂಬ ಇನ್ನೊಂದಕ್ಕೆ ತೂಕವೇನೋ ಇದೆ, ಸಕ್ಕರೆಯ ಶೇಕಡಾ 70ರಷ್ಟು ಸಿಹಿಯೂ ಇದೆ. ಆದರೆ ತಣಿದೊಡನೆ ಹರಳುಗಟ್ಟುತ್ತದೆ, ಬಾಯಲ್ಲಿ ಪುದೀನದಂತೆ ತಣ್ಣಗೆನಿಸುತ್ತದೆ. ಬಿಸಿಬಿಸಿ ಹೋಳಿಗೆ ತಣ್ಣಗೆನಿಸಿದರೆ ಉಣ್ಣುವವರ ಮುಖ ಹೇಗಾದೀತು! ಇವುಗಳು ಸರಿಯಾಗಿ ಕೆಲಸ ಮಾಡುವುದು ಸಕ್ಕರೆಯಿಂದ ಸಿಹಿಯನ್ನಷ್ಟೇ ಅಪೇಕ್ಷಿಸುವ ಕಡೆಯಲ್ಲಿ. ಕಾಫಿ, ನಿಂಬೆಯ ಪಾನಕ, ಇಳಿಸಿದ ಮೇಲೆ ಸಿಹಿ ಸೇರಿಸುವ ತೆಳುವಾದ ಹಾಲುಪಾಯಸ ಇವೆಲ್ಲ ಆ ವರ್ಗಕ್ಕೆ ಸೇರುತ್ತವೆ.

ಬೆಲ್ಲ ನಿರಪಾಯವೆಂಬ ನಂಬಿಕೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಏಕೆಂದರೆ ಈ ನಂಬಿಕೆಯಿಂದ ಹಾನಿಗೊಳಗಾಗುತ್ತಿರುವವರು ಹಿರಿಯರೇ. ಬೆಲ್ಲದಲ್ಲಿ ಕಬ್ಬಿಣ ಮೊದಲಾದ ಖನಿಜಗಳು ಸ್ವಲ್ಪ ಇವೆ, ನಿಜ. ಆದರೆ ಅದರ ಮುಕ್ಕಾಲು ಭಾಗಕ್ಕೂ ಹೆಚ್ಚು ಸಕ್ಕರೆಯೇ. 100 ಗ್ರಾಂ ಸಕ್ಕರೆ ಕೊಡುವುದು ಸುಮಾರು 400 ಕ್ಯಾಲರಿ. ಬೆಲ್ಲ 380ರ ಆಸುಪಾಸು. ರಕ್ತಕ್ಕೆ ಸೇರಿದ ಮೇಲೆ ಇವೆರಡರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಉಳಿಯುವುದಿಲ್ಲ. ಸಕ್ಕರೆ ಬಿಟ್ಟೆನೆಂದು ಎರಡು ಪಾಲು ಬೆಲ್ಲ ತಿನ್ನುವವರು ರೋಗಕ್ಕೆ ಹೆಸರು ಬದಲಿಸಿದಂತಾಯಿತು, ಅಷ್ಟೆ. ಇತ್ತ ಬದಲಿ ಸಿಹಿಗಳೂ ಅಮೃತವಲ್ಲ. ತೂಕ ಇಳಿಸುವ ಉದ್ದೇಶಕ್ಕೆ ಅವುಗಳನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸೂಚಿಸಿತು. ಆಗಲೇ ಮಧುಮೇಹವಿರುವವರಿಗೆ ಆ ಸೂಚನೆ ಅನ್ವಯಿಸುವುದಿಲ್ಲವೆಂದೂ ಅದೇ ಹೇಳಿತು. ಅದೇ ವರ್ಷದ ಜುಲೈಯಲ್ಲಿ ಆಸ್ಪರ್ಟೇಮನ್ನು ಕ್ಯಾನ್ಸರಿಗೆ ಕಾರಣವಾಗಬಹುದೇನೋ ಎಂಬ ಸೀಮಿತ ಸಂಶಯದ ಪಟ್ಟಿಗೆ ಸೇರಿಸಲಾಯಿತು. ಆದರೂ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 40 ಮಿಲಿಗ್ರಾಮಿನ ಹಳೆಯ ಮಿತಿಯನ್ನು ತಜ್ಞರ ಸಮಿತಿ ಬದಲಿಸಲಿಲ್ಲ. ಕಾಫಿಗೆ ಒಂದೆರಡು ಗುಳಿಗೆ ಹಾಕುವವರು ಆ ಮಿತಿಯ ಸಮೀಪಕ್ಕೂ ಹೋಗಲಾರರು.

ಇನ್ನು ನೈವೇದ್ಯದ ಮಾತು. ವಿದೇಶೀ ಸಕ್ಕರೆಯ ಕಾಲದಲ್ಲಿ ಹಿರಿಯರು ಕೇಳಿದ್ದು ಇದು ಹೇಗೆ ತಯಾರಾಯಿತು ಎಂಬ ಪ್ರಶ್ನೆಯನ್ನು. ಗುಳಿಗೆಯ ವಿಷಯದಲ್ಲಿ ಅದರೊಡನೆ ಇನ್ನೊಂದು ಪ್ರಶ್ನೆಯೂ ಸೇರುತ್ತದೆ, ಇದು ಯಾರಿಗಾಗಿ ಎಂಬುದು. ಮಧುಮೇಹ ದೇವರಿಗಿಲ್ಲ, ಉಣ್ಣುವ ನಮಗಿದೆ. ಆದುದರಿಂದ ಅನೇಕ ಮನೆಗಳು ನೈವೇದ್ಯದ ಹಯಗ್ರೀವವನ್ನು ಮೊದಲಿನಂತೆ ಬೆಲ್ಲದಿಂದಲೇ ಮಾಡಿ, ರೋಗವಿರುವವರಿಗೆ ಪ್ರಸಾದವೆಂದು ಅರ್ಧ ಚಮಚವನ್ನಷ್ಟೇ ಎಲೆಯ ತುದಿಗೆ ಹಾಕಿ, ಅವರ ಕಾಫಿಗೆ ಮಾತ್ರ ಗುಳಿಗೆಯನ್ನು ಬಳಸುವ ದಾರಿ ಕಂಡುಕೊಂಡಿವೆ. ಅಡುಗೆಯಲ್ಲಿಯೂ ಸ್ವಲ್ಪ ಅವಕಾಶವಿದೆ. ಒಂದು ಪಾವು ಬೇಳೆಗೆ ಒಂದೂವರೆ ಪಾವು ಬೆಲ್ಲ ಹಾಕುವುದು ಸಂತರ್ಪಣೆಗಳ ಔದಾರ್ಯದ ಅಳತೆ. ಅದನ್ನು ಒಂದು ಪಾವಿಗೆ, ಮುಕ್ಕಾಲು ಪಾವಿಗೆ ಇಳಿಸಿದರೂ ಹಯಗ್ರೀವದ ರೂಪ ಕೆಡುವುದಿಲ್ಲ. ಕೊಬ್ಬರಿಯನ್ನು ಸ್ವಲ್ಪ ಹೆಚ್ಚಿಸಿ, ನೆನೆಸಿದ ಗಸಗಸೆ ಸೇರಿಸಿ, ಉರಿ ತಗ್ಗಿಸಿ ಎಂದಿಗಿಂತ ಐದು ನಿಮಿಷ ಹೆಚ್ಚು ಮಗುಚಿದರೆ ಬಾಣಲೆಯ ಬದಿ ಬಿಟ್ಟು ಬರುತ್ತದೆ. ಅರ್ಧ ಪಾವಿಗೂ ಕೆಳಗಿಳಿದರೆ ಮಾತ್ರ ಬೇಳೆ ಉದುರುದುರಾಗಿ, ಬಡಿಸುವ ಸೌಟಿನಲ್ಲಿ ನಿಲ್ಲದು.